ಡಿಕನ್ಸನಿಗೆ ಅರ್ಥ ಹೇಳುವುದು

ದೀಪಾವಳಿ ಕಳೆದು ನಾಲ್ಕು ದಿನವಾಗಿತ್ತು. ಹಟ್ಟಿಯಂಗಡಿಯ ನಮ್ಮ ಮನೆಯ ಜಗಲಿಗೆ ಆಚೆಮನೆಯ ಹುಡುಗಿ ಬಂದು ಕುಳಿತಳು. ಕುಂದಾಪುರದಲ್ಲಿ ಬಿ.ಎ. ಓದುತ್ತಿದ್ದಾಳೆ, ಕೊನೆಯ ವರ್ಷ. ಹತ್ತನೆಯವರೆಗೂ ಕನ್ನಡ ಮಾಧ್ಯಮ. ಕೈಯಲ್ಲಿ ಎರಡು ಪುಸ್ತಕ: ಒಂದು ಚಾರ್ಲ್ಸ್ ಡಿಕನ್ಸನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’, ಇನ್ನೊಂದು ಮೂಲೆ ಮಡಚಿ ಮಡಚಿ ಉಬ್ಬಿದ ನೋಟ್‌ಬುಕ್ಕು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವನು ನಾನು, ಅದಕ್ಕೇ ನನ್ನ ಹತ್ತಿರ ಬಂದಿದ್ದಳು. ನಾವು ಆಡಿದ್ದು ಕುಂದಾಪ್ರ ಕನ್ನಡದಲ್ಲಿ. ಬೇರೆ ಊರಿನವರಿಗೂ ತಿಳಿಯಲೆಂದು ಮಾತುಗಳನ್ನು ಬಹುಪಾಲು ಬರಹದ ಕನ್ನಡಕ್ಕೆ ತಂದು ಇಲ್ಲಿ ಕೊಟ್ಟಿದ್ದೇನೆ.

ಅವಳು: ಮಾಷ್ಟ್ರೇ, ಈ ಪುಸ್ತಕ ನನ್ನಿಂದ ಆಗುವುದಿಲ್ಲ. ಐದನೇ ಅಧ್ಯಾಯಕ್ಕೆ ನಿಂತುಬಿಟ್ಟೆ.

ನಾನು: ಎಂತಕೆ? ಕತೆ ಹಿಡಿಸಲಿಲ್ಲವಾ?

ಅವಳು: ಕತೆ ಹಿಡಿಸಿತು. ಶಬ್ದಗಳು ಮುಂದೆ ಹೋಗಲು ಬಿಡುವುದಿಲ್ಲ. ಈ ನೋಟ್‌ಬುಕ್ ಕಾಣಿ. ಮೊದಲನೇ ಅಧ್ಯಾಯಕ್ಕೇ ಅರವತ್ತೆರಡು ಶಬ್ದ ಬರೆದಿದ್ದೇನೆ. ಹೋದ ರಜೆಯಲ್ಲಿ ಒಂದು ಕೋಚಿಂಗ್ ಕ್ಲಾಸಿನವರು ಕೊಟ್ಟ ಕಠಿಣ ಶಬ್ದಗಳ ಪಟ್ಟಿಯನ್ನೂ ಬಾಯಿಪಾಠ ಮಾಡಿದ್ದೆ, ದಿನಕ್ಕೆ ಮೂವತ್ತರಂತೆ. ಈ ಐದು ಅಧ್ಯಾಯದಲ್ಲಿ ಆ ಪಟ್ಟಿಯ ಶಬ್ದ ಏಳೋ ಎಂಟೋ ಸಿಕ್ಕಿದವು, ಅಷ್ಟೇ. ಇಲ್ಲಿ ಬರುವುದು ಮಾರ್ಶ್, ಡೈಕ್, ಹಲ್ಕ್, ಫೋರ್ಜ್. ಇವು ಯಾವುದೂ ಆ ಪಟ್ಟಿಯಲ್ಲಿ ಇರಲಿಲ್ಲ.

ನಾನು: ಇರಲಾರವು. ಆ ಪಟ್ಟಿ ಪರೀಕ್ಷೆ ಪಾಸು ಮಾಡಿಸಲು ಮಾಡಿದ್ದು. ಹಳೆಯ ಕಾದಂಬರಿಯಲ್ಲಿ ಕಷ್ಟ ಕೊಡುವುದು ದೊಡ್ಡ ಶಬ್ದವಲ್ಲ ಮಗಾ, ಹೊಳೆ, ಕೆಸರು, ಕುಲುಮೆ, ಗಾಡಿ, ಅಡುಗೆಮನೆಯ ಶಬ್ದ. ಹೇಳು, ಡೈಕ್ ಅಂದರೆ ಎಂತ ಅಂತ ಬರೆದುಕೊಂಡಿದ್ದೀ?

ಅವಳು: ಅದೇ ತೊಂದರೆ. ಮೊಬೈಲಿನಲ್ಲಿ ನೋಡಿದರೆ ಒಂದು ಕಡೆ ಕಾಲುವೆ, ಇನ್ನೊಂದು ಕಡೆ ಒಡ್ಡು. ಒಂದು ನೆಲಕ್ಕಿಂತ ಕೆಳಗೆ, ಮತ್ತೊಂದು ನೆಲಕ್ಕಿಂತ ಮೇಲೆ. ಎರಡನ್ನೂ ಬರೆದಿಟ್ಟೆ.

ನಾನು: ನಿಮ್ಮ ಮನೆಯ ಕೆಳಗಿನ ಬೈಲಿನಲ್ಲಿ ತೋಡು ತೆಗೆಯುವುದನ್ನು ಕಂಡಿದ್ದೀಯಲ್ಲ. ತೆಗೆದ ಮಣ್ಣನ್ನು ಎಂತ ಮಾಡುತ್ತಾರೆ?

ಅವಳು: ಬದಿಗೇ ಹಾಕುತ್ತಾರೆ. ಅದೇ ದಂಡೆ ಆಗುತ್ತದೆ.

ನಾನು: ಮುಗಿಯಿತು. ಅಗೆದದ್ದೂ ಡೈಕ್, ಅಗೆದು ಹಾಕಿದ್ದೂ ಡೈಕ್. ಒಂದೇ ಕೆಲಸದ ಎರಡು ಮೈ. ಇಂಗ್ಲಿಷಿನ ಡಿಚ್ ಕೂಡ ಅದೇ ಶಬ್ದದ ಇನ್ನೊಂದು ಉಚ್ಚಾರ. ಈಗ ಮೊದಲ ಅಧ್ಯಾಯದ ಆ ವಾಕ್ಯಕ್ಕೆ ಹೋಗು. ಸ್ಮಶಾನದ ಆಚೆಯ ಬಯಲನ್ನು ಹೇಳುವಾಗ ಡಿಕನ್ಸ್ ಡೈಕಿನ ಬೆನ್ನಿಗೇ ದಿಬ್ಬವನ್ನೂ ಗೇಟನ್ನೂ ಹೇಳುತ್ತಾನೆ. ದಿಬ್ಬ ಬೇರೆಯೇ ಬಂದಿದೆ. ಹಾಗಾದರೆ ಇಲ್ಲಿ ಡೈಕ್ ಯಾವುದು?

ಅವಳು: ನೀರಿನ ತೋಡು.

ನಾನು: ಡಿಕ್ಷನರಿ ನಿನಗೆ ಎರಡು ಕೊಟ್ಟು ಸುಮ್ಮನಾಯಿತು. ಬೈಲು ನೋಡಿದ ಕಣ್ಣು ಒಂದನ್ನು ಆರಿಸಿತು. ಹದಿನೈದನೇ ಅಧ್ಯಾಯಕ್ಕೆ ಹೋದರೆ ಆರ್ಲಿಕ್ ಅಂತ ಒಬ್ಬ ಬರುತ್ತಾನೆ, ಸ್ಲೂಸ್ ಕಾಯುವವನ ಮನೆಯಲ್ಲಿ ಅವನ ಬಿಡಾರ. ಸ್ಲೂಸ್ ಅಂದರೆ ತೂಬು ಅಂತ ಪುಸ್ತಕದ ಕನ್ನಡದಲ್ಲಿ ಬರೆದಿರುತ್ತದೆ. ತೂಬು ನಮ್ಮ ಕಡೆಯ ಬಾಯಿಮಾತಲ್ಲ, ಓದಿದರೂ ಮನಸ್ಸಿನಲ್ಲಿ ಚಿತ್ರ ಏಳುವುದಿಲ್ಲ. ನಮ್ಮಲ್ಲಿ ಇರುವುದು ಕಿಂಡಿ ಅಣೆಕಟ್ಟು. ಬೇಸಗೆಯಲ್ಲಿ ಸಮುದ್ರದ ಉಬ್ಬರಕ್ಕೆ ಉಪ್ಪುನೀರು ಗದ್ದೆಗೆ ಏರದ ಹಾಗೆ ಕಿಂಡಿಗೆ ಹಲಗೆ ಇಳಿಸುತ್ತಾರೆ, ಮಳೆ ಹಿಡಿಯುವ ಮೊದಲು ತೆಗೆಯುತ್ತಾರೆ. ಕಾದಂಬರಿ ನಡೆಯುವ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಆ ಜೌಗಿನಲ್ಲೂ ಅದೇ ಕತೆ: ಸಮುದ್ರದ ನೀರು ಹೊಳೆಯೊಳಗೆ ಏರುತ್ತದೆ, ಇಳಿಯುತ್ತದೆ, ಅದನ್ನು ತಡೆಯಬೇಕು, ಬಿಡಬೇಕು. ಐವತ್ಮೂರನೇ ಅಧ್ಯಾಯದಲ್ಲಿ ಕಥಾನಾಯಕ ಪಿಪ್‌ನನ್ನು ರಾತ್ರಿ ಕರೆಸಿಕೊಳ್ಳುವುದು ಆ ಸ್ಲೂಸಿನ ಮನೆಗೇ, ಸುಣ್ಣದ ಗೂಡಿನ ಹತ್ತಿರ. ಚಿಪ್ಪು ಸುಟ್ಟು ಸುಣ್ಣ ಮಾಡುವ ಗೂಡು ನಮ್ಮ ಕರಾವಳಿಯಲ್ಲೂ ಇದ್ದದ್ದೇ. ವಾರಾಹಿಯ ದಡದಲ್ಲಿ ಹುಟ್ಟಿದವಳು ನೀನು. ಈ ಕಾದಂಬರಿಯ ನೆಲ ಬಯಲುಸೀಮೆಯ ಹುಡುಗಿಗಿಂತ ನಿನಗೆ ಹತ್ತಿರ.

ಅವಳು: ನೀವು ಹೇಳುವಾಗ ಹೌದು ಅನ್ನಿಸುತ್ತದೆ. ಆದರೆ ಎಲ್ಲ ಶಬ್ದವೂ ಹೀಗೆ ಸಿಗುತ್ತದಾ? ಇದನ್ನು ಕಾಣಿ: ವಿಟಲ್ಸ್. ಡಬ್ಲ್ಯೂ ಇಟ್ಟು ಬರೆದಿದ್ದಾನೆ. ತಪ್ಪಿಸಿಕೊಂಡು ಬಂದ ಒಬ್ಬ ಕೈದಿ ಪಿಪ್‌ನನ್ನು ತಲೆಕೆಳಗು ಮಾಡಿ ಹಿಡಿದು, ಕಾಲಿನ ಸಂಕೋಲೆ ಕತ್ತರಿಸಲು ಅರ ತಾ, ವಿಟಲ್ಸ್ ತಾ ಅಂತಾನೆ. ಈ ಶಬ್ದ ನನ್ನ ಯಾವ ಡಿಕ್ಷನರಿಯಲ್ಲೂ ಸಿಗಲಿಲ್ಲ. ಅರ್ಧ ಗಂಟೆ ಹೋಯಿತು.

ನಾನು: ಹಸಿದವನು ಅರದ ಜೊತೆ ಇನ್ನೇನು ಕೇಳುತ್ತಾನೆ?

ಅವಳು: ತಿನ್ನಲಿಕ್ಕೆ ಕೇಳುತ್ತಾನೆ.

ನಾನು: ತಿನ್ನುವ ವಸ್ತುವಿಗೆ ಹಳೆಯ ಇಂಗ್ಲಿಷಿನಲ್ಲಿ ಒಂದು ಶಬ್ದ ಇದೆ. ಬರೆಯುವಾಗ ವಿ, ಐ, ಸಿ, ಟಿ ಅಂತ ಶುರುವಾಗಿ ವಿಕ್ಚುವಲ್ಸ್ ಅನ್ನುವ ಹಾಗೆ ಕಾಣುತ್ತದೆ. ಓದುವಾಗ ಅದು ವಿಟಲ್ಸ್. ಆ ಕೈದಿ ಶಾಲೆಯ ಓದು ಇಲ್ಲದವನು, ವಿ ಅಕ್ಷರದ ಜಾಗಕ್ಕೆ ಡಬ್ಲ್ಯೂ ಉಚ್ಚರಿಸುವ ಜನ. ಅದನ್ನು ಡಿಕನ್ಸ್ ಕಿವಿಯಲ್ಲಿ ಕೇಳಿದ ಹಾಗೆಯೇ ಬರೆದ. ಕನ್ನಡದಲ್ಲಿ ಎರಡಕ್ಕೂ ನಮಗೆ ಒಂದೇ ವಕಾರ. ನೀನು ಗಟ್ಟಿಯಾಗಿ ಓದಿದ್ದರೆ ಎರಡೂ ಒಂದೇ ಶಬ್ದ ಆಗಿಬಿಡುತ್ತಿತ್ತು. ಕಣ್ಣಿನಲ್ಲಿ ಹುಡುಕಿದೆ, ಅದಕ್ಕೆ ಸಿಗಲಿಲ್ಲ. ಡಿಕನ್ಸನ ಕಾದಂಬರಿಗಳು ವಾರವಾರ, ತಿಂಗಳು ತಿಂಗಳು ಕಂತಿನಲ್ಲಿ ಬಂದವು. ಇದು 1860ರ ಡಿಸೆಂಬರಿನಿಂದ 1861ರ ಆಗಸ್ಟಿನವರೆಗೆ ಅವನದೇ ವಾರಪತ್ರಿಕೆಯಲ್ಲಿ ಬಂತು. ಮನೆಯಲ್ಲಿ ಒಬ್ಬರು ಓದಿ ಉಳಿದವರು ಕೇಳುವ ಕಾಲ ಅದು. ಬಾಯಿಬಿಟ್ಟು ಓದಿದರೆ ಅರ್ಧ ಕಷ್ಟ ಕಡಿಮೆಯಾಗುತ್ತದೆ.

ಅವಳು: ಗೊತ್ತಿದ್ದ ಶಬ್ದಗಳೂ ಕೈಕೊಡುತ್ತವೆ ಮಾಷ್ಟ್ರೇ. ಅಕ್ಕ ತನ್ನನ್ನು ‘ಬೈ ಹ್ಯಾಂಡ್’ ಸಾಕಿದಳು ಅಂತ ಪಿಪ್ ಹೇಳುತ್ತಾನೆ. ಬೈ ಗೊತ್ತು, ಹ್ಯಾಂಡ್ ಗೊತ್ತು. ಕೈಯಾರೆ ಸಾಕಿದಳು ಅಂತ ಬರೆದುಕೊಂಡು ಮುಂದೆ ಹೋದೆ. ಆಮೇಲೆ ಅದೇ ಮಾತು ನಾಲ್ಕು ಸಲ ಬಂತು. ಏನೋ ತಪ್ಪಿದೆ ಅನ್ನಿಸಿತು.

ನಾನು: ಅನ್ನಿಸಿತಲ್ಲ, ಅದು ಓದುಗನ ಲಕ್ಷಣ. ತಾಯಿಹಾಲು ಇಲ್ಲದ ಕೂಸನ್ನು ಹೊರಹಾಲು ಹಾಕಿ ಬದುಕಿಸುವುದಕ್ಕೆ ಆ ಕಾಲದಲ್ಲಿ ಹಾಗೆ ಹೇಳುತ್ತಿದ್ದರು. ನಮ್ಮಲ್ಲಿ ಒಳಲೆಯಲ್ಲಿ ಹಾಲು ಹಾಕಿ ಸಾಕಿದ ಕೂಸು ಅನ್ನುತ್ತೇವಲ್ಲ, ಅದೇ. ತಾಯಿ ಸತ್ತ ತಮ್ಮನನ್ನು ಹಾಗೆ ಉಳಿಸಿದೆ ಅಂತ ಅಕ್ಕ ಊರೆಲ್ಲ ಹೇಳಿಕೊಳ್ಳುತ್ತಾಳೆ. ಚಿಕ್ಕ ಪಿಪ್‌ಗೆ ಆ ನುಡಿಗಟ್ಟು ಗೊತ್ತಿಲ್ಲ. ಅಕ್ಕನ ಕೈ ಎಷ್ಟು ಭಾರ ಅನ್ನುವುದು ಮಾತ್ರ ಬೆನ್ನಿಗೆ ಗೊತ್ತು. ಹೊಡೆದು ಬೆಳೆಸುವುದಕ್ಕೇ ಹೀಗೆ ಹೇಳುತ್ತಾರೆ ಅಂತ ತಿಳಿದುಕೊಳ್ಳುತ್ತಾನೆ. ಒಂದು ಮಗುವಿನ ಇಡೀ ದುಃಖ ಆ ಎರಡು ಸುಲಭದ ಶಬ್ದದಲ್ಲಿ ಇದೆ. ಅದಕ್ಕೇ ಹೇಳುವುದು, ಗೊತ್ತಿಲ್ಲದ ಶಬ್ದಕ್ಕೆ ಹೆದರಬೇಡ, ಗೊತ್ತಿದೆ ಅಂದುಕೊಂಡ ಶಬ್ದದ ಎದುರು ನಿಲ್ಲು. ಜೇನ್ ಆಸ್ಟಿನ್ ಓದುವಾಗಲೂ ಹೀಗೇ. 1813ರ ‘ಪ್ರೈಡ್ ಅಂಡ್ ಪ್ರೆಜುಡೀಸ್’ನಲ್ಲಿ ಪಾದ್ರಿ ಕಾಲಿನ್ಸ್ ತನಗೆ ಆಶ್ರಯ ಕೊಟ್ಟ ಹೆಂಗಸಿನ ಕಾಂಡಿಸೆನ್ಷನ್ ಅನ್ನು ಹೊಗಳುತ್ತಾನೆ. ಈಗ ಅದು ಬೈಗುಳ, ತಾನು ಮೇಲಿನವನೆಂದು ತೋರಿಸಿಕೊಳ್ಳುವ ಗುಣ. ಆಗ ಅದು ದೊಡ್ಡವರು ಕೆಳಗಿನವರ ಜೊತೆ ಕೂತು ಮಾತಾಡುವ ಸೌಜನ್ಯ.

ಅವಳು: ಹಾಗಾದರೆ ನಾನು ಎಂತ ಮಾಡಬೇಕು? ಪ್ರತಿ ಶಬ್ದಕ್ಕೂ ನಿಲ್ಲಬೇಕಾ, ನಿಲ್ಲಬಾರದಾ?

ನಾನು: ನಿಮ್ಮ ಅಮ್ಮಮ್ಮ ಶಾಲೆಗೆ ಹೋದವರಾ?

ಅವಳು: ಇಲ್ಲ. ಸಹಿ ಮಾಡಲು ಬರುತ್ತದೆ, ಅಷ್ಟೇ.

ನಾನು: ಯಕ್ಷಗಾನದ ಆಟಕ್ಕೆ ಹೋಗುತ್ತಾರಲ್ಲ. ತರಳ ಅಂದರೆ ಯಾರು, ದುರುಳ ಅಂದರೆ ಯಾರು, ಖೂಳ ಅಂದರೆ ಯಾರು ಅಂತ ಕೇಳಿ ನೋಡು.

ಅವಳು: ಕೇಳಬೇಕಾಗಿಲ್ಲ. ನನ್ನ ತಮ್ಮನಿಗೆ ಅವರು ಬೈಯುವುದೇ ಖೂಳ ಅಂತ.

ನಾನು: ಯಾರು ಕಲಿಸಿದರು? ಯಾರೂ ಕಲಿಸಲಿಲ್ಲ. ಮಂದಾರ್ತಿ ಮೇಳದ ಆಟ, ಮಾರಣಕಟ್ಟೆ ಮೇಳದ ಆಟ, ನಲವತ್ತು ಐವತ್ತು ವರ್ಷ ರಾತ್ರಿಯಿಡೀ ಕೂತು ನೋಡಿದ್ದಾರೆ. ಭಾಗವತರು ಪದ್ಯ ಹೇಳುತ್ತಾರೆ. ಪದ್ಯದಲ್ಲಿ ಹಳೆಯ ಮಾತು, ಅರ್ಧ ತಿಳಿಯುತ್ತದೆ, ಅರ್ಧ ತಿಳಿಯುವುದಿಲ್ಲ. ಪದ್ಯ ಮುಗಿದದ್ದೇ ವೇಷಧಾರಿ ಅದನ್ನೇ ಮಾತಿನಲ್ಲಿ ಬಿಡಿಸಿ ಹೇಳುತ್ತಾನೆ. ವೇಷವಿಲ್ಲದೆ ಕೂತು ನಡೆಸುವ ತಾಳಮದ್ದಳೆಯಲ್ಲಿ ಅದನ್ನು ಅರ್ಥ ಅಂತಲೇ ಕರೆಯುತ್ತೇವೆ, ಹೇಳುವವನು ಅರ್ಥಧಾರಿ. ಪದ್ಯ ನಾಲ್ಕು ಸಾಲು ಇದ್ದರೆ ಅರ್ಥ ಹತ್ತು ನಿಮಿಷ ಹೋಗುತ್ತದೆ. ಹಾಗೆ ಅಭಿಮನ್ಯುವಿನ ಕಾಳಗವನ್ನು ಇಪ್ಪತ್ತು ಸಲ ನೋಡಿದವಳಿಗೆ ತರಳ ಅನ್ನುವ ಶಬ್ದವನ್ನು ಬಾಯಿಪಾಠ ಮಾಡಬೇಕೆಂದಿಲ್ಲ, ಚಕ್ರವ್ಯೂಹದ ನಡುವೆ ನಿಂತ ಹುಡುಗನೇ ಆ ಶಬ್ದದ ಅರ್ಥ. ನೀನು ಡಿಕನ್ಸನಿಗೂ ಇದನ್ನೇ ಮಾಡು. ಒಂದು ಪುಟ ಗಟ್ಟಿಯಾಗಿ ಓದು, ಅದು ಪದ್ಯ. ಪುಸ್ತಕ ಮುಚ್ಚು. ಆ ಪುಟದ ಅರ್ಥವನ್ನು ಕುಂದಾಪ್ರ ಕನ್ನಡದಲ್ಲಿ ಹೇಳು, ಪಿಪ್ ಆಗಿ ಹೇಳು, ಅಕ್ಕ ಆಗಿ ಹೇಳು. ಹೇಳುವಾಗ ಎಲ್ಲಿ ನಾಲಗೆ ತಡೆಯುತ್ತದೋ, ಡಿಕ್ಷನರಿ ತೆಗೆಯಬೇಕಾದ್ದು ಆ ಶಬ್ದಕ್ಕೆ ಮಾತ್ರ. ಉಳಿದದ್ದನ್ನು ಬಿಡು.

(ಇಲ್ಲಿ ಒಂದು ಮಾತು ಸೇರಿಸಬೇಕು. ಕೆಲಸದಲ್ಲಿದ್ದಷ್ಟು ದಿನ ನಾನೂ ಹಲಗೆಯ ಮೇಲೆ ದಿನಕ್ಕೆ ಹತ್ತು ಶಬ್ದ ಬರೆದು ಬಾಯಿಪಾಠ ಒಪ್ಪಿಸಿಕೊಂಡವನೇ. ಸಂಜೆ ಅದೇ ಮಕ್ಕಳು ತಾಳಮದ್ದಳೆಗೆ ಹೋಗಿ ಕೂರುತ್ತಿದ್ದರು. ಈ ಎರಡನ್ನೂ ಸೇರಿಸಬಹುದೆಂದು ಆಗ ಹೊಳೆಯಲಿಲ್ಲ ಎನ್ನುವುದು ನನಗೆ ಇವತ್ತಿಗೂ ನೋವಿನ ಸಂಗತಿ.)

ಅವಳು: ಉಳಿದದ್ದನ್ನು ಬಿಟ್ಟರೆ ಅದು ಕಳ್ಳ ಓದು ಆಗುವುದಿಲ್ಲವಾ?

ನಾನು: ಲೆಕ್ಕ ಹಾಕು. ಪಾಲ್ ನೇಷನ್ ಅಂತ ನ್ಯೂಜಿಲೆಂಡಿನ ಭಾಷಾವಿಜ್ಞಾನಿ, 2006ರಲ್ಲಿ ಅವರು ಬರೆದದ್ದು ಹೀಗೆ: ಒಂದು ಇಂಗ್ಲಿಷ್ ಕಾದಂಬರಿಯನ್ನು ಯಾರ ಸಹಾಯವೂ ಇಲ್ಲದೆ ಓದಬೇಕಾದರೆ ನೂರಕ್ಕೆ 98 ಶಬ್ದ ಗೊತ್ತಿರಬೇಕು, ಅದಕ್ಕೆ ಎಂಟು ಒಂಬತ್ತು ಸಾವಿರ ಶಬ್ದಕುಟುಂಬಗಳ ಪರಿಚಯ ಬೇಕು. ಶಬ್ದಕುಟುಂಬ ಅಂದರೆ ಓದು, ಓದುಗ, ಓದಿಸು ಎಲ್ಲ ಸೇರಿ ಒಂದು. ಸರಿ, 98 ಗೊತ್ತಿದೆ ಅಂತಲೇ ಇಟ್ಟುಕೊ. ಆಗಲೂ ಮೂರು ಸಾವಿರ ಶಬ್ದದ ಒಂದು ಅಧ್ಯಾಯದಲ್ಲಿ ಅರವತ್ತು ಸಲ ಗೊತ್ತಿಲ್ಲದ್ದು ಎದುರಾಗುತ್ತದೆ. ಈ ಪುಸ್ತಕಕ್ಕೆ 59 ಅಧ್ಯಾಯ. ಎಲ್ಲವನ್ನೂ ಬರೆಯಲು ಕೂತರೆ ಯಾರೂ ಮುಗಿಸುವುದಿಲ್ಲ. ಇನ್ನೊಂದು ಸತ್ಯವೂ ಇದೆ. ಯಾವ ಪುಸ್ತಕವನ್ನೇ ತೆಗೆದುಕೊ, ಅದರಲ್ಲಿ ಬರುವ ಬೇರೆ ಬೇರೆ ಶಬ್ದಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಒಂದೇ ಸಲ ಬಂದು ಹೋಗುತ್ತವೆ. ಅವನ್ನು ಹೋಗಲು ಬಿಡು. ಮೂರನೆಯ ಸಲ ಬಂದ ಶಬ್ದಕ್ಕೆ ಮಾತ್ರ ಜಗಲಿಯಲ್ಲಿ ಮಣೆ ಹಾಕು.

ಅವಳು: ಆದರೆ ಪಟ್ಟಿ ಪೂರ್ತಿ ದಂಡ ಅನ್ನುವುದನ್ನು ನಾನು ಒಪ್ಪುವುದಿಲ್ಲ ಮಾಷ್ಟ್ರೇ. ಕನ್ನಡ ಮಾಧ್ಯಮದಿಂದ ಬಂದವಳು ನಾನು. ದಿನಬಳಕೆಯ ಎರಡು ಮೂರು ಸಾವಿರ ಇಂಗ್ಲಿಷ್ ಶಬ್ದ ನನಗೆ ಬಂದದ್ದು ಪಟ್ಟಿಯಿಂದಲೇ. ಅದಿಲ್ಲದಿದ್ದರೆ ಮೊದಲ ಪುಟವನ್ನೇ ದಾಟುತ್ತಿರಲಿಲ್ಲ. ಇನ್ನೊಂದು, ಬರೆದು ಬಿಟ್ಟರೆ ಮರೆಯುತ್ತದೆ. ನಾನು ಈಗ ಚೀಟಿ ಮಾಡಿದ್ದೇನೆ. ಒಂದು ಬದಿಗೆ ಪುಸ್ತಕದ ವಾಕ್ಯ, ಆ ಶಬ್ದದ ಜಾಗ ಖಾಲಿ. ಮರುದಿನ ನೋಡುತ್ತೇನೆ, ಮೂರು ದಿನ ಬಿಟ್ಟು ನೋಡುತ್ತೇನೆ, ವಾರ ಬಿಟ್ಟು ನೋಡುತ್ತೇನೆ. ಹಾಗೆ ಮಾಡಿದ್ದು ಉಳಿದಿದೆ.

ನಾನು: ಒಪ್ಪಿದೆ. ಬುನಾದಿಗೆ ಪಟ್ಟಿ ಬೇಕು. ಚೀಟಿಯಲ್ಲಿ ವಾಕ್ಯ ಇಟ್ಟದ್ದು ನನಗಿಂತ ಒಳ್ಳೆಯ ಉಪಾಯ. ಅದನ್ನು ಬಿಡಬೇಡ. ಮೂರನೆಯ ಸಲ ಬಂದ ಶಬ್ದಕ್ಕೇ ಚೀಟಿ ಮಾಡು.

ಅವಳು: ಕನ್ನಡದಲ್ಲೇ ಅರ್ಥ ಹೇಳುತ್ತಾ ಹೋದರೆ ಇಂಗ್ಲಿಷಿನಲ್ಲಿ ಯೋಚಿಸುವುದು ಯಾವಾಗ? ನಮ್ಮಲ್ಲಿ ಎಲ್ಲರೂ ಹೇಳುವುದು, ಕನ್ನಡ ಬಿಡು, ಇಂಗ್ಲಿಷಿನಲ್ಲೇ ಯೋಚಿಸು ಅಂತ.

ನಾನು: ಫೋರ್ಜ್ ಅಂದರೆ ಎಂತ ಬರೆದಿದ್ದೀ?

ಅವಳು: ಕಮ್ಮಾರನ ಕೆಲಸದ ಜಾಗ.

ನಾನು: ಕುಲುಮೆ. ಅಲ್ಲಿ ಬೆಂಕಿ ಊದುವುದಕ್ಕೆ ಕನ್ನಡದಲ್ಲಿ ಏನು? ಕಬ್ಬಿಣ ಇಟ್ಟು ಬಡಿಯುವುದಕ್ಕೆ? ಕಾದ ಕಬ್ಬಿಣ ಹಿಡಿಯುವುದಕ್ಕೆ?

ಅವಳು: ಕೊನೆಯದು ಇಕ್ಕಳ. ಉಳಿದವು… ಗೊತ್ತಿಲ್ಲ.

ನಾನು: ತಿದಿ. ಅಡಿಗಲ್ಲು. ಪಿಪ್‌ನ ಭಾವ ಜೋ ಕಮ್ಮಾರ, ಕಾದಂಬರಿಯ ಅತ್ಯಂತ ಒಳ್ಳೆಯ ಮನುಷ್ಯ ಅವನೇ. ಅವನ ಪ್ರಪಂಚ ಈ ಮೂರು ವಸ್ತು. ಬೆಲ್ಲೋಸ್, ಆನ್ವಿಲ್ ನಿನಗೆ ನಿಲ್ಲುತ್ತಿಲ್ಲ ಅಂದರೆ ಇಂಗ್ಲಿಷ್ ಕಡಿಮೆಯಾಗಿ ಅಲ್ಲ ಮಾರಾಯ್ತಿ, ಅವುಗಳ ಕೆಳಗೆ ತಿದಿ, ಅಡಿಗಲ್ಲು ಇಲ್ಲದ್ದರಿಂದ. ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೂ ಇದೇ ಗತಿ, ಅವರ ಬಳಿ ಎರಡೂ ಇರುವುದಿಲ್ಲ. ನಾಳೆ ಕತ್ತಿ ಹಣಿಸಲು ಆಚಾರಿಯಲ್ಲಿಗೆ ಹೋಗುವಾಗ ನೀನೂ ಬಾ. ಆಮೇಲೆ ಕುಲುಮೆ ಬರುವ ಅಧ್ಯಾಯ ಓದು. ಹತ್ತು ಅಧ್ಯಾಯ ದಾಟಿದ ಮೇಲೆ ಅರ್ಥ ಹೇಳುವುದು ತಾನಾಗಿಯೇ ಕಡಿಮೆಯಾಗುತ್ತದೆ. ಪರಿಚಯದ ಪದ್ಯಕ್ಕೆ ಯಾವ ಅರ್ಥಧಾರಿಯೂ ಹತ್ತು ನಿಮಿಷ ತೆಗೆದುಕೊಳ್ಳುವುದಿಲ್ಲ.

ಅವಳು: ಇನ್‌ಕ್ರೆಡ್ಯುಲಸ್ ಅಂತ ಒಂದಿದೆ. ಅದಕ್ಕೆ ಯಾವ ಕುಲುಮೆಗೆ ಹೋಗಬೇಕು?

ನಾನು: ಅದಕ್ಕೆ ಸಂಸ್ಕೃತದ ದಾರಿ. ಕನ್ನಡದಲ್ಲಿ ಅಚ್ಚಗನ್ನಡ ಒಂದು ಪದರ, ಸಂಸ್ಕೃತದಿಂದ ಬಂದದ್ದು ಇನ್ನೊಂದು ಪದರ. ಅರಸು ಒಂದು ಕಡೆ, ರಾಜ ಇನ್ನೊಂದು ಕಡೆ. ಇಂಗ್ಲಿಷಿನಲ್ಲೂ ಹಾಗೇ, ಮನೆಯ ಶಬ್ದ ಅವರ ಹಳೆಯ ನುಡಿಯದು, ಗಂಭೀರ ಶಬ್ದ ಲ್ಯಾಟಿನ್ ಮತ್ತು ಫ್ರೆಂಚಿನದು. ಲ್ಯಾಟಿನಿನಲ್ಲಿ ಕ್ರೆಡೋ ಅಂದರೆ ನಂಬುತ್ತೇನೆ. ಕ್ರೆಡಿಟ್, ಕ್ರೀಡ್, ಇನ್‌ಕ್ರೆಡ್ಯುಲಸ್ ಎಲ್ಲ ಅದೇ ಬೇರು. ನಮ್ಮ ಶ್ರದ್ಧೆ ಅನ್ನುವ ಶಬ್ದಕ್ಕೂ ಆ ಕ್ರೆಡೋಗೂ ಮೂಲ ಒಂದೇ ಅಂತ ಭಾಷಾವಿಜ್ಞಾನಿಗಳು ತೋರಿಸಿದ್ದಾರೆ. ಅಶ್ರದ್ಧೆಯಲ್ಲಿ ‘ಅ’ ಮಾಡುವ ಕೆಲಸವನ್ನು ಅಲ್ಲಿ ‘ಇನ್’ ಮಾಡುತ್ತದೆ. ಒಂದು ಬೇರು ಹಿಡಿದರೆ ಹತ್ತು ಶಬ್ದ ಕೈಗೆ ಬರುತ್ತವೆ.

ಅವಳು: ‘ವದರಿಂಗ್ ಹೈಟ್ಸ್’ ಓದಬೇಕು ಅಂತ ಆಸೆ. ತೆರೆದು ನೋಡಿದೆ, ಜೋಸೆಫ್ ಅನ್ನುವ ಆಳು ಮಾತಾಡುವುದು ಒಂದಕ್ಷರವೂ ತಿಳಿಯಲಿಲ್ಲ.

ನಾನು: ಅದು ಯಾರ್ಕ್‌ಶೈರಿನ ಆಡುಮಾತು. ಎಮಿಲಿ ಬ್ರಾಂಟೆ 1847ರಲ್ಲಿ ಅದನ್ನು ಇದ್ದ ಹಾಗೇ ಬರೆದಳು. ಅವಳು ತೀರಿಕೊಂಡ ಮೇಲೆ 1850ರ ಮುದ್ರಣಕ್ಕೆ ಅಕ್ಕ ಷಾರ್ಲೆಟ್ಟೇ ಕೂತು ಜೋಸೆಫನ ಮಾತನ್ನು ತಿದ್ದಿದಳು, ಬೇರೆ ಕಡೆಯ ಇಂಗ್ಲಿಷರಿಗೇ ತಿಳಿಯುವುದಿಲ್ಲ ಅಂತ. ಮತ್ತೆ ನಿನಗೆ ತಿಳಿಯಲಿಲ್ಲ ಅಂತ ಬೇಜಾರು ಎಂತಕೆ? ಊರ ಆಡುಮಾತು ಹಳೆಯದನ್ನು ಹಿಡಿದಿಟ್ಟುಕೊಳ್ಳುತ್ತದೆ. ಲಂಡನ್ನು ಬಿಟ್ಟ, ‘ನೀನು’ ಅನ್ನುವ ಅರ್ಥದ ‘ದೌ’ ಅವರಲ್ಲಿ ಉಳಿದ ಹಾಗೆ, ಬೆಂಗಳೂರು ಬಿಟ್ಟ ‘ಹೋಪುದು’, ‘ಬಪ್ಪುದು’ ನಮ್ಮಲ್ಲಿ ಉಳಿದಿದೆ. ಹಳೆಯ ವಚನ, ಕಾವ್ಯ ತೆರೆದರೆ ಆ ರೂಪಗಳು ಸಿಗುತ್ತವೆ. ಕಾಲೇಜಿನಲ್ಲಿ ಯಾರಾದರೂ ನಿನ್ನ ಕನ್ನಡಕ್ಕೆ ನಕ್ಕರೆ ನೆನಪಿಟ್ಟುಕೊ, ಹಳೆಯ ಇಂಗ್ಲಿಷನ್ನು ಓದುವ ಕಿವಿ ನಿನಗೆ ಅಲ್ಲಿಂದಲೇ ಬಂದದ್ದು.

ಅವಳು: ನಮ್ಮ ಕಡೆಯವರು ಮೊದಲು ಯಾರಾದರೂ ಹೀಗೆ ಓದಿದ್ದಾರಾ?

ನಾನು: ಈ ಊರಿನ ಹೆಸರೇ ಹೊತ್ತವರು. ಹಟ್ಟಿಯಂಗಡಿ ನಾರಾಯಣರಾಯರು. ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದು ‘ಆಂಗ್ಲ ಕವಿತಾವಳಿ’ ಅಂತ 1919ರಲ್ಲಿ ಪ್ರಕಟಿಸಿದರು. ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ನಾಡಿಗೆಲ್ಲ ಗೊತ್ತು, ಅದು ಪೂರ್ಣರೂಪದಲ್ಲಿ ಪುಸ್ತಕವಾದದ್ದು 1926ರಲ್ಲಿ. ಅದಕ್ಕೂ ಏಳು ವರ್ಷ ಮೊದಲು ನಮ್ಮವರು ಆ ಕೆಲಸ ಮಾಡಿದ್ದರು. ಆಗ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ಇರಲಿಲ್ಲ, ಅದು ಬಂದದ್ದು 1946ರಲ್ಲಿ. ಮಂಗಳೂರಿನ ಬಾಸೆಲ್ ಮಿಷನ್ 1894ರಲ್ಲಿ ಅಚ್ಚು ಹಾಕಿದ ಕಿಟ್ಟೆಲ್ ಕೋಶ ಇತ್ತು, ಆದರೆ ಅದು ಕನ್ನಡದಿಂದ ಇಂಗ್ಲಿಷಿಗೆ. ಕವಿತೆಯನ್ನು ಅನುವಾದ ಮಾಡುವವನು ಒಂದು ಶಬ್ದವನ್ನೂ ಹಾರಿಸುವ ಹಾಗಿಲ್ಲ. ‘ಆಂಗ್ಲ ಕವಿತಾವಳಿ’ ಈ ಊರಿನ ಮಕ್ಕಳ ಪಾಠದಲ್ಲಿ ಇಲ್ಲ. ಇರಬೇಕಿತ್ತು.

ಅವಳು: ನಾನು ಈ ಹೆಸರನ್ನೇ ಕೇಳಿರಲಿಲ್ಲ.

ನಾನು: ಇನ್ನೊಬ್ಬರನ್ನು ಕೇಳಿದ್ದೀ. ಬೈಂದೂರು ಬದಿಯ ಮೊಗೇರಿಯಲ್ಲಿ 1918ರಲ್ಲಿ ಹುಟ್ಟಿದ ಗೋಪಾಲಕೃಷ್ಣ ಅಡಿಗರು. ಹೊಟ್ಟೆಪಾಡಿಗೆ ಇಂಗ್ಲಿಷ್ ಪಾಠ ಹೇಳಿದರು, ಬರೆದದ್ದು ಕನ್ನಡ. ವಾಲ್ಟ್ ವಿಟ್ಮನ್‌ನ ‘ಲೀವ್ಸ್ ಆಫ್ ಗ್ರಾಸ್’ ಅನ್ನು ಕನ್ನಡಕ್ಕೆ ತಂದಾಗ ‘ಹುಲ್ಲಿನ ದಳಗಳು’ ಅಂತ ಹೆಸರಿಟ್ಟರು. ಲೀಫ್ ಅಂದರೆ ಎಲೆಯೂ ಹೌದು, ಪುಸ್ತಕದ ಹಾಳೆಯೂ ಹೌದು. ಹುಲ್ಲಿಗೆ ಎಲೆ ಅನ್ನುವುದಿಲ್ಲ ನಾವು. ಎಸಳು ಅನ್ನಬಹುದಿತ್ತು, ಗರಿ ಅನ್ನಬಹುದಿತ್ತು, ಅವರು ದಳ ಆರಿಸಿದರು. ಮೂರು ಶಬ್ದವನ್ನೂ ಒಂದೊಂದಾಗಿ ಆ ಹೆಸರಿನಲ್ಲಿ ಇಟ್ಟು ನೋಡು, ಒಂದು ಇಂಗ್ಲಿಷ್ ಶಬ್ದ ಕಲಿಯುವುದು ಅಂದರೆ ಎಷ್ಟು ಕನ್ನಡ ಬೇಕು ಅಂತ ಗೊತ್ತಾಗುತ್ತದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ನೋಟ್‌ಬುಕ್ಕನ್ನು ಬದಿಗಿಟ್ಟು ಕಾದಂಬರಿಯ ಮೊದಲ ಪುಟ ತೆರೆದು ಗಟ್ಟಿಯಾಗಿ ಓದಿದಳು. ಪುಸ್ತಕ ಮುಚ್ಚಿ ಅರ್ಥ ಹೇಳಲು ಶುರು ಮಾಡಿದಳು: ತಂದೆತಾಯಿಯ ಗೋರಿಯ ಎದುರು ಚಳಿಗೆ ನಡುಗುತ್ತಾ ನಿಂತ ಒಬ್ಬ ಮಾಣಿ, ದೂರದಲ್ಲಿ ಹೊಳೆ, ಅದರಾಚೆ ಗಾಳಿ ಏಳುವ ಸಮುದ್ರ. ಎರಡು ಕಡೆ ತಡೆದಳು. ಎರಡೇ ಶಬ್ದಕ್ಕೆ ಡಿಕ್ಷನರಿ ತೆಗೆದೆವು.

ಅವಳು: ವಾರಕ್ಕೆ ಎಷ್ಟು ಅಧ್ಯಾಯ ಮಾಡಬಹುದು ಮಾಷ್ಟ್ರೇ?

ನಾನು: ಎರಡು. ಅಷ್ಟಾದರೆ 59 ಅಧ್ಯಾಯಕ್ಕೆ ಮೂವತ್ತು ವಾರ. ಈಗ ಮೇಳಗಳು ತಿರುಗಾಟಕ್ಕೆ ಹೊರಡುವ ಕಾಲ. ಮೇ ಕೊನೆಗೆ ಅವು ಗೆಜ್ಜೆ ಬಿಚ್ಚುವ ಹೊತ್ತಿಗೆ ನಿನ್ನ ಪುಸ್ತಕವೂ ಮುಗಿಯುತ್ತದೆ.